ಪುಟ್ಟತ್ತೆಯ ಉಸಿರು

ಹೂಮಳೆ ಬಿದ್ದು ಕಾಫಿ ಅರಳಿತೆಂದರೆ ಊರಿಗೆಲ್ಲ ಆ ಘಮ ಹಿಗ್ಗು ತರುತ್ತದೆ. ನನಗೆ ಮಾತ್ರ ಇವತ್ತಿಗೂ ಅದು ಮೂಗಿಗೆ ಬಡಿದರೆ ಎದ್ದು ಕಿಟಕಿ ಮುಚ್ಚೋಣ ಅನಿಸುತ್ತದೆ. ನನ್ನ ಬಾಲ್ಯ, ಸುತ್ತಲಿನ ಎಸ್ಟೇಟುಗಳಲ್ಲಿ ಇನ್ನೂ ಬಿಳಿ ದೊರೆಗಳಿದ್ದ ಕಾಲ. ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ತೋಟ ಬೆಳ್ಳಗಾದ ಕೂಡಲೇ ಬಾಗಿಲುಗಳು ಮುಚ್ಚುತ್ತಿದ್ದವು, ಏಕೆಂದರೆ ಅಪ್ಪನ ತಂಗಿ ಪುಟ್ಟತ್ತೆಗೆ ಉಬ್ಬಸ. ಅಜ್ಜಿ ಇಡೀ ಸಂಸಾರವನ್ನೇ ಮಗಳ ಉಸಿರಿಗೆ ತಕ್ಕಂತೆ ನಡೆಸುತ್ತಿದ್ದಳು. ಒಗ್ಗರಣೆ ಹಿತ್ತಿಲ ಚಪ್ಪರದಡಿಯೇ ಆಗಬೇಕು, ಮೆಣಸಿನಕಾಯಿ ಹುರಿಸುತ್ತಿದ್ದುದು ಪಕ್ಕದ ಮನೆಯಲ್ಲಿ, ಆ ಘಾಟಿನ ಸಂಕಟ ಅವರದು. ಒಣಗಿದ ಕಾಫಿ ಕುಟ್ಟುವ ದಿನ ಅತ್ತೆ ಒಳಕೋಣೆ ಬಿಟ್ಟು ಬರುವಂತಿಲ್ಲ. ಹಿತ್ತಿಲಿಂದ ಬರುವಷ್ಟರಲ್ಲಿ ಸಾರು ಆರಿತೆಂದು ಅಪ್ಪ ಗೊಣಗಿದರೆ, "ನಿಂಗೆ ಸಾರು ಹೆಚ್ಚೋ, ತಂಗಿ ಹೆಚ್ಚೋ?" ಎಂದು ಅಜ್ಜಿ ಬಾಯಿ ಮುಚ್ಚಿಸುತ್ತಿದ್ದಳು. ಅತ್ತೆ ನೆಂಟರ ಮನೆಗೆ ಹೋದದ್ದನ್ನು ನಾನು ಕಂಡೇ ಇಲ್ಲ. ಅಲ್ಲಿ ಅಡುಗೆಮನೆ ಹೇಗೋ ಏನೋ ಎಂದು ಅಜ್ಜಿಗೆ ಭಯ.

ಹೀಗಿರುವಾಗ ಬಣಕಲ್ ಕಡೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ, ಹೆಂಡತಿ ತೀರಿಕೊಂಡಿದ್ದ ಒಬ್ಬರು ಅತ್ತೆಯನ್ನು ಕೇಳಿಕೊಂಡು ಬಂದರು. ಮೆಲುಮಾತಿನ ಮನುಷ್ಯ. "ಕಾಯಿಲೆ ವಿಷ್ಯ ಗೊತ್ತಮ್ಮ. ನಮ್ಮನೇಲೂ ಹೊರಗೇ ಒಲೆ ಹೂಡಿಸ್ತೀನಿ, ನಾನೇ ನೋಡ್ಕೋತೀನಿ" ಎಂದರು. ಅಜ್ಜಿ ಬೆಲ್ಲ ನೀರು ಕೊಟ್ಟು, ಊಟ ಬಡಿಸಿ, ಕೊನೆಗೆ ಹೇಳಿದಳು: "ನೀವು ಒಳ್ಳೆಯವ್ರೇ. ಆದ್ರೆ ಅವಳಿಗೆ ಉಸಿರು ಕಟ್ಟಿದ್ರೆ ಹೆಂಗೆ ಕೂರಿಸ್ಬೇಕು, ಎಲ್ಲಿ ದಿಂಬು ಕೊಡ್ಬೇಕು, ಅದು ನನಗೊಬ್ಬಳಿಗೇ ಗೊತ್ತು. ಕಳಿಸೋಕಾಗಲ್ಲ." ಅತ್ತೆ ಒಳ್ಳೆಯ ಸೀರೆಯುಟ್ಟು ಬಾಗಿಲ ಹಿಂದೆ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವತ್ತು ಅವಳ ಉಸಿರು ಸದ್ದಿಲ್ಲದೆ ಆಡುತ್ತಿತ್ತು. ಅವರು ಹೋದ ಮೇಲೆ ಸೀರೆ ಮಡಿಸಿಟ್ಟಳು.

ಅತ್ತೆ ಹೆಚ್ಚು ದಿನ ಬಾಳುವವಳಲ್ಲ ಎಂದೇ ಎಲ್ಲರೂ ನಂಬಿದ್ದೆವು. ಆದರೆ ಮೊದಲು ಹಾಸಿಗೆ ಹಿಡಿದದ್ದು ಅಜ್ಜಿ. ಚಳಿಜ್ವರ ಬಿಡಲೇ ಇಲ್ಲ. ಗಂಜಿ ಕುಡಿಸುತ್ತಿದ್ದ ಅತ್ತೆಯ ಮುಖ ನೋಡಿ, "ನಾನು ಹೋದ್ಮೇಲೆ ನಿನ್ನ ನೋಡೋರ್ಯಾರೆ ಮಗಾ?" ಎಂದು ಅಜ್ಜಿ ಅತ್ತಳು. ಅತ್ತೆ ಅವಳ ಬಾಯಿ ಒರೆಸಿದಳು. "ನೋಡ್ಕೋತೀನಿ ಅಂತ ಅವ್ರು ಬಂದಿದ್ರಲ್ಲವ್ವ. ನೀನು ನನ್ನನ್ನ ಒಂದು ಮಾತು ಕೇಳಿದ್ದಿದ್ರೆ ಹ್ಞೂಂ ಅಂತಿದ್ದೆ." ಅದರಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಹೆದರಿಕೆಯಾಯಿತು. ಅಜ್ಜಿ ಮಗಳ ಕೈ ಹಿಡಿದುಕೊಂಡಳು. ಅತ್ತೆ ಬಿಡಿಸಿಕೊಳ್ಳಲಿಲ್ಲ. ಈಗ ಅವರಿಬ್ಬರೂ ಇಲ್ಲ, ಆ ಮನೆಯೂ ಇಲ್ಲ. ಅಜ್ಜಿಯ ಪ್ರೀತಿಯನ್ನು ದೂರಲು ನನಗೆ ಬಾಯಿ ಬರುವುದಿಲ್ಲ, ಅತ್ತೆಯನ್ನು ನೆನೆದರೆ ಅಳು ತಡೆಯಲಾಗುವುದಿಲ್ಲ.