ನನ್ನ ಸೇವಂತಿಗೆ, ನನ್ನ ಹೆಸರು

ಗಂಡ ತೀರಿಕೊಂಡ ಮೇಲೆ ನನ್ನ ಪಾಲಿಗೆ ಉಳಿದದ್ದು ಹಿತ್ತಲು. ಹಾನಗಲ್ಲಿಗೆ ಹತ್ತಿರದ ಹಳ್ಳಿ ನಮ್ಮದು. ಹೊಲ ಭಾವನ ಕೈಯಲ್ಲಿತ್ತು, ಅಡುಗೆಮನೆ ಅವನ ಹೆಂಡತಿಯ, ಅಂದರೆ ನನ್ನ ನೆಗೆಣ್ಣಿಯ ಕೈಯಲ್ಲಿತ್ತು. ಹಿತ್ತಲು ಯಾರಿಗೂ ಬೇಕಾಗಿರಲಿಲ್ಲ, ನಾನು ಹಿಡಿದುಕೊಂಡೆ. ತವರೂರು ದುಂಡಸಿಯಿಂದ ಸೇವಂತಿಗೆ ಸಸಿ ತಂದು ಹಚ್ಚಿದೆ. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ಊರಿಗೆ ಊರೇ ನನ್ನ ಹೂ ಮುಡಿಯತೊಡಗಿತು. ಮದುವೆಗೆ, ಗುಡಿಗೆ, ಹುಲಗೂರಿನ ಉರುಸಿಗೆ ಹೊರಟವರಿಗೆ, ಎಲ್ಲರಿಗೂ ನನ್ನ ಹಿತ್ತಲದ್ದೇ ಬೇಕು. ನಾನು ಮಾತ್ರ ಮುಡಿಯುವಂತಿಲ್ಲ. ಬಿಡಿಸಬೇಕು, ಬುಟ್ಟಿ ತುಂಬಬೇಕು, ಸುಮ್ಮನೆ ಕೊಟ್ಟುಬಿಡಬೇಕು. ಇದೆಂಥ ನ್ಯಾಯ ಅಂತ ನನಗೆ ಆಗಲೂ ಸಿಟ್ಟಿತ್ತು, ಈಗಲೂ ಇದೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಗ್ರಾಮಸೇವಕರು ನಮ್ಮ ಕಟ್ಟೆಗೆ ಬಂದು ಕೂತರು.

"ಸಂಕ್ರಾಂತಿ ಆದಮ್ಯಾಲೆ ಹಾನಗಲ್ಲಾಗ ಒಕ್ಕಲುತನದ ಪ್ರದರ್ಶನ ಇಟ್ಟಾರ್ರಿ. ಹೆಣ್ಮಕ್ಕಳಿಗೆ ಸಣ್ಣ ತೋಟದ ಸ್ಪರ್ಧೆ ಐತಿ. ಜಾಗಾ ಅವರ ಕೊಡ್ತಾರ. ಮೊದಲನೇ ನಂಬರ ಬಂದವರಿಗೆ ಖಣ ಕೊಟ್ಟು ಉಡಿ ತುಂಬತಾರ" ಎಂದರು.

ಉಡಿ ತುಂಬುವುದು ಮುತ್ತೈದೆಯರಿಗೆ. ಹಣೆಗೆ ಕುಂಕುಮ ಹಚ್ಚಿ, ತಲೆಗೆ ಹೂವಿಟ್ಟು, ಕುಪ್ಪಸದ ಖಣ, ಕಾಯಿ, ಎಲೆಗಳನ್ನು ಸೀರೆಯ ಸೆರಗಿಗೆ ಹಾಕುತ್ತಾರೆ. ಗಂಡನಿಲ್ಲದವರನ್ನು ಆ ತಾಟಿನ ಸಮೀಪಕ್ಕೂ ಕರೆಯುವುದಿಲ್ಲ. ನಮ್ಮ ಅತ್ತೆಯೂ ನನ್ನಂತೆ ಗಂಡನನ್ನು ಕಳೆದುಕೊಂಡವರೇ. ಅವರಿಗೆ ತಕ್ಷಣ ಗಾಬರಿಯಾಯಿತು.

"ಹೂ ಬೇಕಾದಷ್ಟು ಒಯ್ಯಿ, ನಾ ಬ್ಯಾಡ ಅನ್ನೂದಿಲ್ಲ. ಹೆಸರು ಮಾತ್ರ ನಿನ್ನ ನೆಗೆಣ್ಣಿದು ಬರಸು. ನಾಳೆ ನಂಬರ ಬಂತಂದ್ರ ಮಂದ್ಯಾಗ ಫಜೀತಿ ಆಕ್ಕೈತಿ."

ನೆಗೆಣ್ಣಿ ಆ ಗಿಡಗಳಿಗೆ ಒಂದು ತಂಬಿಗೆ ನೀರು ಹಾಕಿದವಳಲ್ಲ. ಪಾಪ, ಅವಳೇನೂ ಕೇಳಿರಲಿಲ್ಲ, ಬಾಗಿಲಲ್ಲಿ ನಿಂತು ನಗುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಗೊಬ್ಬರ ಹೊತ್ತಾಕಿ ನಾನು, ನೀರು ಹಾಕಿದಾಕಿ ನಾನು. ಹೆಸರೂ ನಂದ ಬರೀರಿ ಸಾಹೇಬ್ರ. ನನ್ನ ಹೆಸರು ಬರಲಿಲ್ಲಂದ್ರ ಒಂದು ಎಸಳೂ ಈ ಹಿತ್ತಲಾ ದಾಟೂದಿಲ್ಲ."

ಗ್ರಾಮಸೇವಕರು ನನ್ನ ಬೋಳು ಹಣೆ ನೋಡಿದರು, ಅತ್ತೆಯ ಮುಖ ನೋಡಿದರು, ಕೆಮ್ಮಿದರು, ಬರೆದುಕೊಂಡರು. ಅಂದಿನಿಂದ ಅತ್ತೆ ನನ್ನ ಜೊತೆ ಮಾತು ಬಿಟ್ಟರು.

ಬಿಡಲಿ ಎಂದೆ. ಸೇವಂತಿಗೆಗೆ ಬೇರು ಅಲುಗಾಡಿದರೆ ಬಲು ಬೇಗ ಮುನಿಸು. ಹೂಬಿಟ್ಟ ಗಿಡವನ್ನು ಕಿತ್ತು ಬೇರೆ ಕಡೆ ಹಚ್ಚಿದರೆ ಮರುದಿನವೇ ತಲೆ ಬಾಗಿಸುತ್ತದೆ. ಅದಕ್ಕೇ ನಾನು ಹಳೆಯ ಬಿದಿರಿನ ಬುಟ್ಟಿಗಳನ್ನೆಲ್ಲ ಕೂಡಿಹಾಕಿ, ಗೊಬ್ಬರ ಮಣ್ಣು ತುಂಬಿ, ಸಸಿಗಳನ್ನು ಮೊದಲೇ ಅದರಲ್ಲಿ ಬೆಳೆಸಿದೆ. ನವರಾತ್ರಿಯಲ್ಲಿ ಘಟದ ಮಣ್ಣಿಗೆ ಕಾಳು ಚೆಲ್ಲಿ ಸಸಿ ಬರಿಸುತ್ತೇವಲ್ಲ, ಹಾಗೆಯೇ ಅಗಲವಾದ ಮೊರಗಳಲ್ಲಿ ಮಣ್ಣು ಹರವಿ ಗೋದಿ ಚೆಲ್ಲಿ ಹಸಿರು ಬರಿಸಿದೆ. ತೋಟದ ಸುತ್ತ ಸೀರೆಯ ದಡಿಯ ಹಾಗೆ ಇಡಬೇಕೆಂಬುದು ನನ್ನ ಲೆಕ್ಕ.

ಹೊರಡುವ ದಿನ ಆಳು ಚಕ್ಕಡಿ ಹೂಡಿದ. ಬುಟ್ಟಿಗಳನ್ನು ಹೇರಿ ಮುಗಿಸುವಷ್ಟರಲ್ಲಿ ಅತ್ತೆ ಬಂದು ಹತ್ತಿ ಕೂತರು. ಸೊಸೆಯನ್ನು ಒಬ್ಬಳೇ ಕಳಿಸಲಿಕ್ಕಾಗುವುದಿಲ್ಲವಲ್ಲ.

ಪ್ರದರ್ಶನದ ಬಯಲಲ್ಲಿ ನನಗೆ ಕೊಟ್ಟ ಜಾಗ ಒಂದು ಚಕ್ಕಡಿ ನಿಲ್ಲುವಷ್ಟು. ನೆಲವೋ ಕಲ್ಲಿನಂತಿತ್ತು. ಆಳು ಹಾರೆ ಹಾಕಿದ, ನಾನು ಮಣ್ಣು ಎತ್ತಿದೆ. ಪಕ್ಕದಲ್ಲಿ ಪೇಟೆಯ ಹೆಣ್ಣುಮಕ್ಕಳು ಇಟ್ಟಿಗೆಗೆ ಸುಣ್ಣ ಬಳಿದು, ಗುಲಾಬಿ, ಕ್ರೋಟನ್ ಗಿಡಗಳನ್ನು ಮನೆಯಿಂದ ಕಿತ್ತು ತಂದು ನೆಡುತ್ತಿದ್ದರು. ನನ್ನ ಕೆಲಸ ನೋಡಿ ಒಬ್ಬಳು ಕೂಗಿ ಹೇಳಿದಳು:

"ನೋಡ್ರೆವ್ವಾ, ಬುಟ್ಟಿ ಸಮೇತ ಹುಗಿಯಾಕತ್ತಾಳ, ಹೆಣಾ ಹುಗಿದಂಗ!"

ಎಲ್ಲರೂ ಹೋ ಎಂದು ನಕ್ಕರು. ನಾನು ಮಣ್ಣಿನ ಕೈ ಸೊಂಟಕ್ಕಿಟ್ಟು, "ನಗ್ರಿ, ನಗ್ರಿ. ನಾಳೆ ಬಿಸಲಾಗ ಯಾರದು ನಿಂದರತೈತಿ, ಯಾರದು ಮಕ್ಕೊಂತೈತಿ ನೋಡೂಣು" ಎಂದೆ. ಕೊನೆಗೆ ತೋಟದ ಮುಂದೆ ನನ್ನ ಹೆಸರು ಬರೆದ ಹಲಗೆ ನೆಟ್ಟರು. ನನ್ನ ಹೆಸರನ್ನು ಅಷ್ಟು ದೊಡ್ಡ ಅಕ್ಷರದಲ್ಲಿ ನಾನು ಎಂದೂ ನೋಡಿರಲಿಲ್ಲ. ನಿಂತು ನಿಂತು ನೋಡಿದೆ.

ಮರುದಿನ ಮುಂಜಾನೆ ಸ್ಪರ್ಧೆ ನಡೆಸುವ ಮಹಿಳಾ ಮಂಡಳದ ಅಧ್ಯಕ್ಷರು, ಪೇಟೆಯ ದೊಡ್ಡ ಮನೆತನದ ಹೆಂಗಸು, ನನ್ನ ತೋಟಕ್ಕೆ ಬಂದರು. "ತಂಗಿ, ಉಡಿ ತುಂಬೂ ತಾಟಿಗೆ ಹೂ ಬೇಕಾಗ್ಯಾವು. ನಿನ್ನವು ಭಾಳ ಚಲೋ ಅದಾವು, ಕೊಡವ್ವ" ಎಂದರು. ನನ್ನ ಸೆರಗು ಹಣೆ ಮುಚ್ಚಿತ್ತು, ಅವರೂ ನನ್ನ ಮುಖ ನೋಡಲಿಲ್ಲ. ಹಿಂದಿನ ಸಾಲಿನಿಂದ ಬೊಗಸೆ ತುಂಬ ಬಿಡಿಸಿಕೊಟ್ಟೆ.

ಮಧ್ಯಾಹ್ನದ ಬಿಸಿಲಿಗೆ ಗುಲಾಬಿಗಳು ಸಪ್ಪೆ ಮೋರೆ ಹಾಕಿದವು. ನನ್ನ ಸೇವಂತಿಗೆ ಎದ್ದು ನಿಂತಿತ್ತು. ಅಧಿಕಾರಿಗಳು ಸುತ್ತು ಹಾಕಿ ಮೊದಲನೇ ನಂಬರು ನನಗೇ ಕೊಟ್ಟರು.

ಪೆಂಡಾಲಿನಲ್ಲಿ ಹೆಸರು ಕೂಗಿದರು. ಹೋಗಿ ನಿಂತು, ಬೇಕಂತಲೇ ಸೆರಗು ಹಿಂದೆ ಸರಿಸಿದೆ. ಅಧ್ಯಕ್ಷರು ಕುಂಕುಮದ ಬೆರಳು ಎತ್ತಿದರು, ಹಣೆ ನೋಡಿದರು, ಬೆರಳು ಅಲ್ಲಿಯೇ ನಿಂತಿತು.

"ಅಯ್ಯ ಶಿವನ! ಮೊದಲ ಹೇಳಬಾರದೇನವ್ವ? ನಿಮ್ಮನ್ಯಾಗ ಮುತ್ತೈದಿ ಯಾರದಾರ? ಅವರ ಹೆಸರು ಹೇಳು, ಅದನ್ನ ಕೂಗಸ್ತೇನಿ. ಉಡಿ ಅವರಿಗೆ ತುಂಬೂಣು."

ತಾಟಿನಲ್ಲಿ ಖಣವಿತ್ತು, ಕಾಯಿ ಇತ್ತು, ಸವಣೂರಿನ ಎಲೆ ಇತ್ತು, ಅವುಗಳ ಮೇಲೆ ನನ್ನ ಹೂ ಇತ್ತು. ನನ್ನ ಮೈಯೆಲ್ಲ ಉರಿಯಿತು.

"ಯಾಕ್ರಿ ಮತ್ತೊಬ್ಬರ ಹೆಸರು? ಮುಂಜಾನೆ ಹೂ ಇಸಕೊಳ್ಳೂ ಮುಂದ ನನ್ನ ಹಣಿ ನೋಡಿದ್ರೇನು? ಕುಂಕುಮ ನೀವು ಹಚ್ಚಬ್ಯಾಡ್ರಿ. ಖಣಾನೂ ನೀವ ಇಟಗೊಳ್ರಿ. ನನ್ನ ಹೂ ನನಗ ಕೊಡ್ರಿ!"

ಅವರು ಕೊಡುವ ತನಕ ಯಾಕೆ ಕಾಯಲಿ? ತಾಟಿಗೆ ಕೈ ಹಾಕಿ, ದೊಡ್ಡದೊಂದು ಸೇವಂತಿಗೆ ಎತ್ತಿ, ಎಲ್ಲರ ಎದುರಿಗೇ ತುರುಬಿಗೆ ಸಿಕ್ಕಿಸಿಕೊಂಡೆ. ಹಿಂದಿನಿಂದ ಯಾರೋ "ಕಾಲ ಕೆಟ್ಟತಪಾ" ಎಂದರು. ನಾನು ಯಾರಿಗೂ ತಲೆ ತಗ್ಗಿಸದೆ ನಡೆದುಹೋಗಿ, ನನ್ನ ಹೆಸರಿನ ಹಲಗೆ ಕಿತ್ತುಕೊಂಡು ಚಕ್ಕಡಿ ಹತ್ತಿದೆ.

ಅತ್ತೆ ಆಗಲೇ ಹತ್ತಿ ಕೂತಿದ್ದರು. ಎಲ್ಲವನ್ನೂ ನೋಡಿದ್ದರು. ಚಕ್ಕಡಿ ಕೆರೆ ಏರಿ ದಾಟಿತು. ಮನೆಯಿಂದ ಹೊರಗೆ ಹಾಕುತ್ತಾರೋ ಏನೋ, ಹಾಕಲಿ ಎಂದು ಹಲಗೆಯನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು ಕೂತಿದ್ದೆ.

"ಇತ್ತ ತಿರುಗು" ಎಂದರು.

ತಿರುಗಿದೆ. ಹೊಡೆಯುತ್ತಾರೆಂದು ಕಣ್ಣು ಮುಚ್ಚಿದೆ. ತುರುಬಿಗೆ ಕೈ ಬಂತು. ಹೂ ಕಿತ್ತರು ಅಂದುಕೊಂಡೆ. ಅವರು ಅದನ್ನು ಬಿಚ್ಚಿ, ಕೂದಲು ಬಿಗಿದು, ಮತ್ತೆ ನೆಟ್ಟಗೆ ಮುಡಿಸುತ್ತಿದ್ದರು.

"ಓರೆ ಮುಡಕೊಂಡೀ. ಊರು ಬರೂದರಾಗ ಉದುರೀತು" ಎಂದರು. "ಊರ ಅಗಸಿ ಬಾಗಲಾ ದಾಟೂ ಮುಂದ ಸೆರಗು ಮುಚ್ಚಬ್ಯಾಡ. ನೋಡೂವರೆಲ್ಲಾ ನೋಡ್ಲಿ."