ಉಕ್ಕಿನ ರಿಂಗೋ, ಅಲ್ಯೂಮಿನಿಯಂ ರಿಂಗೋ

ಫೆಲಿಕ್ಸ್ ಲೋಬೊ ಅವರಿಗೆ ಯಾವುದನ್ನೂ ಸುಮ್ಮನೆ ಕೊಂಡು ಅಭ್ಯಾಸವಿರಲಿಲ್ಲ. ಟ್ರೋಲ್‌ಹೆಟ್ಟನ್ ಎಂಬ ಸ್ವೀಡನ್ನಿನ ಊರಿನ ವಿಮಾನ ಇಂಜಿನ್ ಕಾರ್ಖಾನೆಯಲ್ಲಿ ನಾವಿಬ್ಬರೂ ಒಂದೇ ವಿಭಾಗದವರು. ಅವರು ಉಡುಪಿ ಕಡೆಯವರು, ನಾನು ಬೆಂಗಳೂರಿನವನು. ಕುಕ್ಕರ್ ಕೊಳ್ಳಬೇಕಾದರೂ ತಳದ ದಪ್ಪ ಅಳೆಯುವ ಆಸಾಮಿ. ಹಾಗಾಗಿ 2006ರ ಬೇಸಿಗೆಯಲ್ಲಿ ಅವರು ಬೇಟೆ ಬಂದೂಕಿನ ಮೇಲೆ ಸ್ಕೋಪು, ಅಂದರೆ ಗುರಿ ನೋಡುವ ದುರ್ಬೀನು, ಕೂರಿಸುವ ರಿಂಗು ಹುಡುಕತೊಡಗಿದಾಗ, ಇದು ಒಂದೆರಡು ದಿನದಲ್ಲಿ ಮುಗಿಯುವ ಕೆಲಸವಲ್ಲ ಎಂದುಕೊಂಡೆ.

ಮೊಟ್ಟೆಯನ್ನೂ ತಿನ್ನದ ನನಗೆ ಬೇಟೆಯ ಉಸಾಬರಿ ಏಕೆ? ಕುತೂಹಲ, ಅಷ್ಟೆ. ಕುದುರೆಗಿಂತ ಎತ್ತರದ ಮೂಸ್ ಎಂಬ ಜಿಂಕೆಯನ್ನು ಇಲ್ಲಿ ಅಕ್ಟೋಬರಿನಲ್ಲಿ ತಂಡ ಕಟ್ಟಿಕೊಂಡು ಬೇಟೆಯಾಡುತ್ತಾರೆ. ಮೂರು ವರ್ಷ ಕಾದ ಮೇಲೆ ಫೆಲಿಕ್ಸರಿಗೆ ಅಂಥದೊಂದು ತಂಡದಲ್ಲಿ ಜಾಗ ಸಿಕ್ಕಿತ್ತು. ಮೊದಲ ವರ್ಷವೇ ಎಡವಿದರೆ ಮತ್ತೆ ಕರೆಯುವುದಿಲ್ಲ ಎಂಬ ಭಯ ಅವರಿಗಿತ್ತು. ಅದನ್ನು ಅವರು ಮುಚ್ಚಿಡುತ್ತಲೂ ಇರಲಿಲ್ಲ.

"ಬಂದೂಕು ಸ್ಟೀಲು, ಸ್ಕೋಪಿನ ಟ್ಯೂಬು ಅಲ್ಯೂಮಿನಿಯಂ. ನಡುವಿನ ರಿಂಗು ಯಾರ ಕಡೆ ಸೇರ್ಬೇಕು, ಹೇಳಿ ನೋಡುವಾ," ಎಂದು ಫಿಕಾ ಎಂಬ ಇಲ್ಲಿನ ಕಾಫಿ ವಿರಾಮದಲ್ಲಿ ಲೋಟ ಮುಂದಿಟ್ಟುಕೊಂಡು ಕೇಳುತ್ತಿದ್ದರು.

"ಹೆಂಡ್ತಿ ಕಡೆ ಸೇರ್ಕೊಂಡ್ರೆ ಸೇಫು," ಎನ್ನುತ್ತಿದ್ದೆ.

ತಂಡದ ಮುಖಂಡ, ಅರವತ್ತೆಂಟು ವರ್ಷದ ಹೋಲ್ಗರ್ ಅವರದು ಒಂದೇ ಮಾತು: ಉಕ್ಕು. ಮಾತನ್ನು ಹಾಗೇ ನಂಬಿದರೆ ಅವರು ಫೆಲಿಕ್ಸ್ ಹೇಗಾದಾರು? ಎರಡೂ ಬಗೆಯ ರಿಂಗು ತಂದರು. ಫ್ರೀಜರಿನಲ್ಲಿ ಬಂಗುಡೆ ಮೀನಿನ ಪಕ್ಕ ಒಂದು ದಿನ ಇಟ್ಟು, ಚಳಿಗೆ ಎಷ್ಟು ಕುಗ್ಗಿದವು ಎಂದು ಅಳೆದರು. "ಮೀನಿಗೆ ಕೈ ಹಾಕಿದ್ರೆ ಬಂದೂಕಿನ ಸಾಮಾನು ಬರ್ತದೆ!" ಎಂದು ಹೆಂಡತಿ ವಿನೀತಾ ನನ್ನ ಹತ್ತಿರ ದೂರಿದರು. ಎರಡರ ನಡುವೆ ಕೂದಲೆಳೆಯಷ್ಟೂ ವ್ಯತ್ಯಾಸ ಬರಲಿಲ್ಲ. ಅಲ್ಯೂಮಿನಿಯಂ ನೂರು ಗ್ರಾಂ ಹಗುರ. ಗ್ರಾಂ ಲೆಕ್ಕದಲ್ಲೇ ತೂಕ ಇಳಿಸುವುದು ನಮ್ಮ ಕಸುಬು. ಫೆಲಿಕ್ಸ್ ಅಲ್ಯೂಮಿನಿಯಂ ಇಟ್ಟುಕೊಂಡು ಉಕ್ಕಿನದನ್ನು ಅಂಗಡಿಗೆ ಹಿಂದಿರುಗಿಸಿದರು. ಸೆಪ್ಟೆಂಬರಿನಲ್ಲಿ ಓಡುವ ಮೂಸ್ ಬೊಂಬೆಗೆ ಗುರಿಯಿಡುವ ಪರೀಕ್ಷೆಯಲ್ಲೂ ಪಾಸಾದರು.

ಬೇಟೆಯ ಹಿಂದಿನ ದಿನ, ಭಾನುವಾರ ಬೆಳಿಗ್ಗೆ, ಕೊನೆಯ ಅಭ್ಯಾಸಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಮೂರು ಗುಂಡು ಸರಿಯಾಗಿ ಬಿದ್ದವು. ನಾಲ್ಕನೆಯದು ಒಂದು ಗೇಣು ಬಲಕ್ಕೆ, ಐದನೆಯದು ಇನ್ನೆಲ್ಲೋ. ಫೆಲಿಕ್ಸ್ ಸ್ಕೋಪು ಮುಟ್ಟಿದರೆ ಅದು ಅಲ್ಲಾಡಿತು. ಸ್ಕ್ರೂ ಬಿಚ್ಚಿದರು. ಅದರ ಜೊತೆ ರಿಂಗಿನೊಳಗೆ ಸ್ಕ್ರೂ ಕಚ್ಚಿಕೊಳ್ಳುವ ಸುರುಳಿ ಗೆರೆಯ ಚೂರುಗಳು ಎಣ್ಣೆಯಲ್ಲಿ ತೊಯ್ದು ಹೊರಗೆ ಬಂದವು.

"ಅಯ್ಯೋ ದೇವ್ರೇ. ಎಣ್ಣೆ ಹಾಕಿದ್ದು ನಾನೇ."

ಕಾರ್ಖಾನೆಯಲ್ಲಿ ನಾವು ಎಣ್ಣೆ ಮುಟ್ಟಿಸದೆ ಬೋಲ್ಟ್ ಬಿಗಿಯುವುದಿಲ್ಲ. ಎಷ್ಟು ಬಲವಾಗಿ ಬಿಗಿಯಬೇಕೆಂಬ ನಮ್ಮ ಅಂಕಿಗಳೆಲ್ಲ ಎಣ್ಣೆ ಹಚ್ಚಿದ ಬೋಲ್ಟಿನವು. ರಿಂಗಿನ ಚೀಟಿಯಲ್ಲಿದ್ದ ಅಂಕಿ ಒಣ ಸ್ಕ್ರೂವಿನದು. ಜಾರುವ ಸ್ಕ್ರೂವನ್ನು ಅದೇ ಅಂಕಿಗೆ ತಿರುಗಿಸಿದರೆ ಅದು ಎಷ್ಟೋ ಪಾಲು ಹೆಚ್ಚು ಎಳೆದು ಮೆತ್ತನೆಯ ಅಲ್ಯೂಮಿನಿಯಂ ಸುರುಳಿಯನ್ನೇ ಕಿತ್ತುಹಾಕುತ್ತದೆ. ಉಕ್ಕಾಗಿದ್ದರೆ ತಡೆದುಕೊಳ್ಳುತ್ತಿತ್ತೇನೋ. ಇಪ್ಪತ್ತು ವರ್ಷದ ಅನುಭವವೇ ಅವರಿಗೆ ಕೈಕೊಟ್ಟಿತ್ತು.

ಭಾನುವಾರ ಬೇರೆ, ಅಂಗಡಿ ಇಲ್ಲ. "ಜ್ವರ ಅಂತ ಫೋನ್ ಮಾಡ್ಬಿಡಿ, ಯಾರಿಗೂ ಗೊತ್ತಾಗಲ್ಲ," ಎಂದೆ.

"ಜ್ವರ ಅಂದ್ರೆ ನಂಬ್ತಾರೆ. ಆದ್ರೆ ತಂಡದಲ್ಲಿ ಬೇರೆ ಯಾರಾದ್ರೂ ಹೀಗೇ ತಪ್ಪಾಗಿ ಬಿಗಿದಿದ್ರೆ? ಗುಂಡು ತಪ್ಪಿ ಪ್ರಾಣಿ ಕಾಲು ಮುರ್ಕೊಂಡು ಓಡಿದ್ರೆ?" ಎಂದರು. ಮುಖ ಬಾಡಿಹೋಗಿತ್ತು.

ಸೋಮವಾರ ಬೆಳಿಗ್ಗೆ ಕಾಡಿನ ಅಂಚಿನಲ್ಲಿ ಎಲ್ಲರೂ ಸೇರಿದರು. ರಜೆ ಹಾಕಿ ನಾನೂ ಹೋಗಿದ್ದೆ. ಯಾರು ಎಲ್ಲಿ ನಿಲ್ಲಬೇಕೆಂದು ಹೋಲ್ಗರ್ ಪಟ್ಟಿ ಓದುತ್ತಿದ್ದರು. "ಫೆಲಿಕ್ಸ್, ಏಳನೇ ಜಾಗ." ಫೆಲಿಕ್ಸ್ ಬರಿಗೈಯಲ್ಲಿ ಮುಂದೆ ಬಂದು, ತಡವರಿಸುವ ಸ್ವೀಡಿಷ್‌ನಲ್ಲಿ ಎಣ್ಣೆಯ ಕತೆಯನ್ನು ಪೂರ್ತಿ ಹೇಳಿದರು. ತಪ್ಪು ರಿಂಗಿನದಲ್ಲ, ನನ್ನದು ಎಂದರು. ನನಗೇ ನಾಚಿಕೆಯಾಗಿ ಬೂಟು ನೋಡುತ್ತ ನಿಂತೆ.

ಹಿಂದೆ ನಿಂತಿದ್ದವನೊಬ್ಬ ಜೇಬಿನಿಂದ ಸ್ಕ್ರೂ ತಿರುಗಿಸುವ ಪುಟ್ಟ ಕೀಲಿ ತೆಗೆದು ತನ್ನ ಬಂದೂಕಿನ ಸ್ಕ್ರೂ ಪರೀಕ್ಷಿಸಿದ. ಪಕ್ಕದವನು ಆ ಕೀಲಿ ಇಸಿದುಕೊಂಡ. ಕೈಯಿಂದ ಕೈಗೆ ದಾಟುತ್ತ ಅದು ಹೋಲ್ಗರ್ ಅವರ ಹತ್ತಿರ ಬಂತು. ಅವರ ಉಕ್ಕಿನ ರಿಂಗಿನ ಸ್ಕ್ರೂ ಅರ್ಧ ಸುತ್ತು ತಿರುಗಿತು. ಸಡಿಲವಾಗಿತ್ತು.

ಮುದುಕನ ಮುಖ ಕಿವಿಯವರೆಗೂ ಕೆಂಪಾಯಿತು. ಬಂದೂಕನ್ನು ಕಾರಿನಲ್ಲಿಟ್ಟು ಬೀಗ ಹಾಕಿ, ಪಟ್ಟಿಯನ್ನು ಬೇರೆಯವರ ಕೈಗೆ ಕೊಟ್ಟರು. "ಬಾ ಫೆಲಿಕ್ಸ್, ಇವತ್ತು ನಾವಿಬ್ಬರೂ ನಾಯಿಗಳ ಜೊತೆ ಮೂಸ್ ಎಬ್ಬಿಸುತ್ತ ನಡೆಯೋಣ. ಮುಂದಿನ ವರ್ಷ ಎಲ್ಲರ ಸ್ಕ್ರೂ ನೋಡುವ ಕೆಲಸ ನಿನ್ನದು," ಎಂದರು.

ಹೋಲ್ಗರ್ ಹಿಂದೆ ನಾಲ್ಕು ಹೆಜ್ಜೆ ಹೋದ ಫೆಲಿಕ್ಸ್, ತಿರುಗಿ ನನ್ನ ಹತ್ತಿರ ಬಂದರು. ಕಣ್ಣು ತುಂಬಿಕೊಂಡಿತ್ತು.

"ಮುಂದಿನ ವರ್ಷ ಅಂದ್ರು," ಎಂದರು. "ನೀವೂ ಕೇಳಿಸ್ಕೊಂಡ್ರಿ ಅಲ್ವಾ?"