ಬರಗಾಲ ಮರೆತ ಕಾದಂಬರಿ

ಎಂಟು ವರ್ಷ ಕೂತು ಕಾದಂಬರಿ ಬರೆದ ನುಹಾದ್, ಜನ ಏನೇನು ಬೈಯಬಹುದು ಎಂದು ಮೊದಲೇ ಯೋಚಿಸಿ ಪ್ರತಿಯೊಂದಕ್ಕೂ ಉತ್ತರ ಸಿದ್ಧಮಾಡಿಟ್ಟುಕೊಂಡಿದ್ದಳು. ಬೈರೂತಿನ ಝುಕಾಕ್ ಅಲ್-ಬ್ಲಾತ್ ಬಡಾವಣೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟು, ಮೂವತ್ತು ವರ್ಷ ಊರವರ ಜನನಪತ್ರ, ಮದುವೆಪತ್ರ, ಕೋರ್ಟು ಕಾಗದಗಳ ನಕಲು ತೆಗೆದವಳು ಅವಳು. ಯಾರ ಮನೆಯ ಗುಟ್ಟು ಎಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು. ತನ್ನ ಗುಟ್ಟು ಯಾರ್ಯಾರಿಗೆ ಗೊತ್ತಿದೆ ಎಂಬುದಷ್ಟೇ ಗೊತ್ತಿರಲಿಲ್ಲ. ಸಿದ್ಧಮಾಡಿದ ಉತ್ತರಗಳಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಜನ ಬೈದದ್ದು ಬೇರೆಯದಕ್ಕೆ.

ಕಥೆ ಇಷ್ಟು. ಬೈರೂತಿನ ಒಬ್ಬ ಹೆಂಗಸು ಲಿಫ್ಟಿನಲ್ಲಿದ್ದಾಗ ಕರೆಂಟು ಹೋಗುತ್ತದೆ. ಜನರೇಟರ್ ಶುರುವಾಗುವ ಮೊದಲಿನ ಆ ಕತ್ತಲಲ್ಲಿ ಬಾಗಿಲು ತಳ್ಳಿದರೆ ಹೊರಗೆ ಹಿಪ್ಪುನೇರಳೆ ತೋಟ, ಬೆಟ್ಟದ ಮೇಲಿನ ಊರು, 1912ನೆಯ ಇಸವಿ. ಅಲ್ಲಿ ರೇಷ್ಮೆ ಕಾರ್ಖಾನೆಯಲ್ಲಿ ನೂಲು ಬಿಚ್ಚುವ ಒಬ್ಬ ಹುಡುಗಿ. ಇವಳಿಗೆ ಅವಳ ಮೇಲೆ ಮನಸ್ಸಾಗುತ್ತದೆ, ಅವಳಿಗೆ ಇವಳ ಮೇಲೆ. ಕರೆಂಟು ಹೋದಾಗಲೆಲ್ಲ ಇವಳು ಹೋಗಿ ಬರುತ್ತಾಳೆ. ಬೈರೂತಿನಲ್ಲಿ ಅದಕ್ಕೇನು ಕೊರತೆ. ಕೊನೆಗೊಂದು ದಿನ ಲಿಫ್ಟು ಹೊರಟಾಗ ಹತ್ತದೆ ಅಲ್ಲೇ ಉಳಿದುಬಿಡುತ್ತಾಳೆ.

2021ರ ವಸಂತದಲ್ಲಿ ದಿನಕ್ಕೆ ಮೂರು ಗಂಟೆ ಕರೆಂಟು ಇರುತ್ತಿತ್ತು. ಇದ್ದಷ್ಟು ಹೊತ್ತು ಪುಟ ತೆಗೆದು, ಹೋದಾಗ ಹೊಲಿದು, ನುಹಾದ್ ನಲವತ್ತು ಪ್ರತಿ ಮಾಡಿದಳು. ಓದಿ ವಾಪಸು ಕೊಡಬೇಕೆಂಬ ಕರಾರಿನ ಮೇಲೆ ಗಿರಾಕಿಗಳಿಗೆ ಹಂಚಿದಳು. ಮೊದಲನೆಯ ಪ್ರತಿಯನ್ನು ಮಾತ್ರ ಸಲ್ಮಾಗೆ ಕೊಟ್ಟಳು.

ಸಲ್ಮಾ ಪಕ್ಕದ ಅಂಗಡಿಯವಳು. ಸಾಜ್ ಎಂದು ಕರೆಯುವ ಕವುಚಿದ ದೊಡ್ಡ ಹಂಚಿನ ಮೇಲೆ ರೊಟ್ಟಿ ಬೇಯಿಸಿ ಮಾರುತ್ತಿದ್ದಳು. ಇಪ್ಪತ್ತೊಂಬತ್ತು ವರ್ಷಗಳಿಂದ ಇಬ್ಬರೂ ಅಂಗಡಿಗಳ ಮೇಲಿನ ಮನೆಯಲ್ಲಿ ಒಟ್ಟಿಗಿದ್ದರು. ಕೇಳಿದವರಿಗೆ ಒಮ್ಮೆ ಅತ್ತೆಯ ಮಗಳು ಎನ್ನುತ್ತಿದ್ದರು, ಇನ್ನೊಮ್ಮೆ ಚಿಕ್ಕಮ್ಮನ ಮಗಳು. ಎರಡೂ ಉತ್ತರ ಕೇಳಿದ ಜನ ಎರಡನ್ನೂ ನಂಬಿದರು. ಈ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಆಡದ ಮಾತನ್ನು ನುಹಾದ್ ಆ ಇನ್ನೂರ ಹನ್ನೆರಡು ಪುಟಗಳಲ್ಲಿ ಆಡಿದ್ದಳು. ಸಲ್ಮಾಗೆ ಓದು ಬಾರದೆಂದಲ್ಲ. ನಾಲ್ಕನೇ ತರಗತಿಯವರೆಗೆ ಹೋಗಿದ್ದಳು. ಆದರೆ ಅಕ್ಷರ ಕಂಡರೆ ಹಿಟ್ಟಿನಲ್ಲಿ ಹುಳ ಕಂಡವರ ಹಾಗೆ ಮುಖ ಮಾಡುವವಳು. ಪುಸ್ತಕವನ್ನು ತೂಗಿ ನೋಡಿ, ನಾದಿದ ಹಿಟ್ಟಿನ ಬಟ್ಟೆ ಗಾಳಿಗೆ ಹಾರದಂತೆ ಅದರ ಮೇಲೆ ಭಾರಕ್ಕಿಟ್ಟಳು.

ನುಹಾದ್ ಬಲವಂತ ಮಾಡುವವಳಲ್ಲ. ಬೇರೆ ಕಾಲದಲ್ಲಾಗಿದ್ದರೆ ಇನ್ನೂ ಹತ್ತು ವರ್ಷ ಕಾಯುತ್ತಿದ್ದಳು. ಆದರೆ ಅದೇ ಏಪ್ರಿಲ್‌ನಲ್ಲಿ ಡಾಕ್ಟರು ಅವಳ ಹೃದಯದ ಚಿತ್ರವನ್ನು ಬೆಳಕಿಗೆ ಹಿಡಿದು, ಎರಡು ವರ್ಷ, ಮಾತ್ರೆ ತಪ್ಪದೆ ಸಿಕ್ಕರೆ ಮೂರು ಎಂದಿದ್ದರು. ಮಾತ್ರೆ ಆಗ ಊರಲ್ಲೇ ಇರಲಿಲ್ಲ. ಇದನ್ನು ಅವಳು ಸಲ್ಮಾಗೆ ಹೇಳಲಿಲ್ಲ. ತಾನಿರುವಾಗಲೇ ಸಲ್ಮಾ ಪುಸ್ತಕ ಓದಿ ಒಂದು ಮಾತು ಹೇಳಲಿ ಎಂಬುದೊಂದೇ ಅವಳ ಆಸೆ. ಹೃದಯದ ಸುದ್ದಿ ಹೇಳಿದರೆ ಅವಳು ಕರುಣೆಯಿಂದ ಓದುತ್ತಾಳೆ, ಅದು ಬೇಡವಾಗಿತ್ತು.

ಓದುಗರು ಬರತೊಡಗಿದರು. ಯಾರೂ ಅಂಗಡಿಯೊಳಗೆ ಬಂದು ಅಭಿಪ್ರಾಯ ಹೇಳಲಿಲ್ಲ. ಸಲ್ಮಾಳ ಹಂಚಿನ ಮುಂದೆ ರೊಟ್ಟಿಗೆ ಕಾಯುತ್ತ ಜೋರಾಗಿ ಹೇಳಿಕೊಂಡರು, ಪಕ್ಕದಂಗಡಿಗೆ ಕೇಳುವಂತೆ.

ಮೊದಲು ಬಂದವಳು ದರ್ಜಿ ಉಮ್ ರಾಜಿ. ಮಗಳು ನೋಡಬಾರದೆಂದು ಮುತ್ತಿಡುವ ಪುಟಗಳನ್ನೆಲ್ಲ ಸ್ಟೇಪಲ್ ಹೊಡೆದು ಮುಚ್ಚಿ ಪುಸ್ತಕ ಹಿಂದಿರುಗಿಸಿದಳು. ಎಲ್ಲಿ ಓದಬೇಕೆಂದು ಹುಡುಕುವ ಶ್ರಮ ಮುಂದಿನವರಿಗೆ ತಪ್ಪಿತು. ಆ ಪ್ರತಿಗೆ ಬೇಡಿಕೆ ಎಷ್ಟಾಯಿತೆಂದರೆ ನುಹಾದ್ ಇನ್ನೆರಡು ಪ್ರತಿಗೂ ಪಿನ್ನು ಹೊಡೆಯಬೇಕಾಯಿತು. ಇಷ್ಟಾದರೂ ಉಮ್ ರಾಜಿಗೆ ಕಥೆಯ ಮೇಲೆ ಸಿಟ್ಟಿರಲಿಲ್ಲ. ಅವಳ ಅಜ್ಜಿಯ ತಂಗಿಯೂ ರೇಷ್ಮೆ ಕಾರ್ಖಾನೆಯಲ್ಲಿದ್ದವಳೇ. "ಆ ಹುಡುಗಿ ನಮ್ಮ ಚಿಕ್ಕಜ್ಜೀನೇ, ನನಗಂತೂ ಅನುಮಾನವೇ ಇಲ್ಲ. ಅವಳೂ ಹಿಂಗೇ ಗೆಳತಿ ಜೊತೆ ಒಂದೇ ಮನೇಲಿ ಸಾಯೋ ತನಕ ಇದ್ಳು. ಪಾಪ, ಗಂಡು ಸಿಗ್ಲಿಲ್ಲ," ಎಂದಳು. ಸಲ್ಮಾ ರೊಟ್ಟಿ ಮಗುಚಿದಳು.

ಹಾಜಿ ಮಿಸ್ಬಾಹ್ ಬಂದಾಗ ನುಹಾದ್ ಮೆಷಿನ್ ನಿಲ್ಲಿಸಿ ಬಾಗಿಲಿಗೆ ಬಂದಳು. ಐದು ಹೊತ್ತು ನಮಾಜು ತಪ್ಪಿಸದ ಮನುಷ್ಯ, ಬಂದರಿನ ಗೋಧಿ ಕಣಜಗಳಲ್ಲಿ ಇಡೀ ಆಯುಷ್ಯ ದುಡಿದವನು. ಅವನಿಗೆಂದೇ ಅವಳು ಮೂರು ಉತ್ತರ ಇಟ್ಟುಕೊಂಡಿದ್ದಳು. ಹಾಜಿ ಝಾತರ್ ಮಸಾಲೆ ಸವರಿದ ಎರಡು ರೊಟ್ಟಿ ಹೇಳಿ, ನಿಂತಲ್ಲಿಂದಲೇ ಅವಳತ್ತ ಕತ್ತು ತಿರುಗಿಸಿದ.

"ನುಹಾದಮ್ಮ, ಒಂದು ಮಾತು. ಹನ್ನೆರಡನೇ ಇಸವೀಲಿ ಉಳಕೊಂಡ್ಳು ಅಂದ್ರಿ. ಹದಿನೈದರಲ್ಲಿ ಏನ್ ತಿಂತಾಳೆ?"

1915ರ ವಸಂತಕ್ಕೆ ಮಿಡತೆ ಬಂದು, ಮಹಾಯುದ್ಧ ದಾರಿ ಕಟ್ಟಿ, ಬೆಟ್ಟದ ಊರುಗಳಲ್ಲಿ ಮೂವರಲ್ಲಿ ಒಬ್ಬರು ಹಸಿದು ಸತ್ತ ಕಥೆಯನ್ನು ಆ ನಾಡಿನ ಮಕ್ಕಳು ತಟ್ಟೆಯಲ್ಲಿ ಅನ್ನ ಬಿಟ್ಟಾಗಲೆಲ್ಲ ಕೇಳಿ ಬೆಳೆದವರು. ನುಹಾದ್ ಕೂಡ ಕೇಳಿ ಬೆಳೆದವಳೇ. ಎಂಟು ವರ್ಷ ಬರೆಯುವಾಗ ಅದೊಂದು ನೆನಪಾಗಲಿಲ್ಲ. ಪ್ರೀತಿಯ ಕಡೆಯೇ ನೋಡುತ್ತ ಕೂತವಳು ಕ್ಯಾಲೆಂಡರ್ ನೋಡಿರಲಿಲ್ಲ.

ಅಲ್ಲಿಂದ ಮುಂದೆ ಬೀದಿಗೆ ಬೇರೆ ಮಾತಿಲ್ಲ. ಇಬ್ಬರು ಹೆಂಗಸರು ಏಕೆ ಕೂಡಿದರು ಎಂದು ಒಬ್ಬರೂ ಕೇಳಲಿಲ್ಲ, ಹೇಗೆ ಬದುಕಬೇಕು ಎಂಬುದೇ ಎಲ್ಲರ ಚಿಂತೆ. ಮೂರು ವರ್ಷದ ಗೋಧಿ ಈಗಲೇ ಕೊಂಡು, ಬೂದಿ ಬೆರೆಸಿ ನೆಲದಡಿ ಹೂಳಬೇಕೆಂದು ಹಾಜಿ ವಿಧಾನ ಹೇಳಿಕೊಟ್ಟ. ಸುರಿಯಾನಿ ಚರ್ಚಿನ ಪಾದ್ರಿ ಅಬೂನಾ ಅಫ್ರಾಮ್ ಪುಸ್ತಕವನ್ನು ಕಂಕುಳಲ್ಲಿ ಮರೆಮಾಡಿಕೊಂಡು ಬಂದು, ಹೂಳಿದ ಗೋಧಿಯನ್ನು ಸೈನಿಕರು ಅಗೆದು ಒಯ್ಯುತ್ತಾರೆ, ಹದಿನಾಲ್ಕರ ಬೇಸಿಗೆಯೊಳಗೆ ಹಡಗು ಹತ್ತಿ ಬ್ರೆಜಿಲ್‌ಗೆ ಹೋಗುವುದೇ ಸರಿ ಎಂದರು. ಒಬ್ಬ ಹೆಂಗಸು ಇನ್ನೊಬ್ಬಳ ಜೊತೆ ಹಡಗು ಹತ್ತಲು ಕಾಗದದಲ್ಲಿ ಏನೆಂದು ಬರೆಸಬೇಕು ಎಂದು ಹಾಜಿ ಕೇಳಿದ. "ಅತ್ತೆ ಮಗಳು ಅಂತ ಬರೆಸೋದು," ಎಂದರು ಅಬೂನಾ. ಹುಡುಗಿ ಯಾವ ಊರಿನವಳು, ಯಾವ ಪಂಗಡದವಳು ಎಂದು ನುಹಾದ್ ಬರೆದಿರಲಿಲ್ಲ. ಅದನ್ನು ಇಬ್ಬರೂ ಕ್ಷಮಿಸಲಿಲ್ಲ. ಪಂಗಡ ತಿಳಿಯದೆ ಯಾವ ಮಠ ಗಂಜಿ ಹಾಕುತ್ತದೆಂದು ಹೇಗೆ ಹೇಳುವುದು ಎಂಬುದು ಅಬೂನಾರ ವಾದ.

ಇದೆಲ್ಲ ಸಲ್ಮಾಳ ಕಿವಿಯ ಮೇಲೆ ಬೀಳುತ್ತಿತ್ತು. ಪುಸ್ತಕ ಬಟ್ಟೆಯ ಮೇಲೇ ಇತ್ತು.

ಆಗಸ್ಟ್‌ನಲ್ಲಿ ಹಿಟ್ಟಿಗೂ ಗ್ಯಾಸಿಗೂ ಊರಿಗೆ ಊರೇ ಸರದಿ ನಿಂತಿತ್ತು. ಒಂದು ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ ನುಹಾದ್ ಬಂದು ಸಲ್ಮಾಳ ಸ್ಟೂಲಿನ ಮೇಲೆ ಕೂತಳು. ಎರಡನೆಯ ಮುದ್ರಣಕ್ಕೆ ಕೊನೆ ಬದಲಾಯಿಸುವುದೆಂದು ನಿರ್ಧರಿಸಿದ್ದಳು. ಕಥೆಯ ಹೆಂಗಸು ಲಿಫ್ಟು ಹತ್ತಿ ವಾಪಸು ಬರಲಿ, ಜನಕ್ಕೂ ಸಮಾಧಾನ ಎಂದಳು.

"ಇಲ್ಲಿಗೆ ಕರ್ಕೊಂಡ್ಬಂದು ಏನ್ ತಿನ್ನಿಸ್ತೀಯ?" ಎಂದಳು ಸಲ್ಮಾ. "ಇಲ್ಲೇನ್ ಗೋಧಿ ರಾಶಿ ಬಿದ್ದಿದ್ಯಾ?"

"ಅಲ್ಲಿದ್ರೆ ಮೂರೇ ವರ್ಷ ಕಣೇ."

"ಅದು ಅವಳಿಗೆ ಗೊತ್ತಿತ್ತಾ?"

"ಹೋದವಳಿಗೆ ಗೊತ್ತಿರ್ಲೇಬೇಕಲ್ಲ, ನೂರು ವರ್ಷ ಈಚೆಯವಳು. ಆ ಹುಡುಗಿಗೆ ಗೊತ್ತಿಲ್ಲ."

ಸಲ್ಮಾ ಉಂಡೆಯನ್ನು ತಟ್ಟುವುದು ನಿಲ್ಲಿಸಿದಳು. "ಹೇಳ್ಳಿಲ್ವಾ ಹಾಗಾದ್ರೆ? ಪಕ್ಕದಲ್ಲಿ ಮಲಗ್ತಾಳೆ, ಇಷ್ಟೇ ಉಳಿದಿರೋದು ಅಂತ ಗೊತ್ತಿಟ್ಕೊಂಡು, ಬಾಯಿ ಮುಚ್ಕೊಂಡಿರ್ತಾಳಾ? ಉಳ್ಕೊಂಡಿದ್ದು ದೊಡ್ಡದಲ್ಲ ನುಹಾದ್. ಹೇಳ್ದೇ ಉಳ್ಕೊಂಡ್ರೆ ಅದು ಮೋಸ."

ನುಹಾದ್ ಹಂಚಿನ ಉರಿ ಸಣ್ಣ ಮಾಡಿದಳು. ಆಮೇಲೆ ಡಾಕ್ಟರು ಹೇಳಿದ್ದನ್ನು ಹೇಳಿದಳು, ಅವರು ಹೇಳಿದಷ್ಟೇ ಮಾತುಗಳಲ್ಲಿ.

ಸಲ್ಮಾ ಅಳಲಿಲ್ಲ. ಯಾವ ತಿಂಗಳು ಎಂದು ಕೇಳಿದಳು. ಏಪ್ರಿಲ್ ಎಂದಾಗ, "ನಾಕು ತಿಂಗಳು ತಿಂದ್ಹಾಕ್ದೆ," ಎಂದಳು. ಮತ್ತೆ ತಟ್ಟತೊಡಗಿದಳು. ಮರುದಿನದಿಂದ ಮನೆಯ ಅಡುಗೆಯಲ್ಲಿ ಉಪ್ಪಿಲ್ಲ. ಗಿರಾಕಿಗಳಲ್ಲಿ ಯಾರ ಮಗ ದುಬೈಯಿಂದ ಬರುತ್ತಾನೆ, ಯಾರ ಸೊಸೆ ಇಸ್ತಾಂಬುಲ್‌ಗೆ ಹೋಗುತ್ತಾಳೆ ಎಂದು ವಿಚಾರಿಸಿ ಸಲ್ಮಾ ಮಾತ್ರೆ ತರಿಸಿದಳು. ಕೆಲವು ತಿಂಗಳು ಸಿಕ್ಕವು, ಕೆಲವು ತಿಂಗಳು ಇಲ್ಲ.

ನುಹಾದ್ ಕೊನೆಯನ್ನು ಬದಲಾಯಿಸಲಿಲ್ಲ. ಒಂದೇ ಸಾಲು ಸೇರಿಸಿದಳು: ಹಿಪ್ಪುನೇರಳೆ ಮರದ ಕೆಳಗೆ ಅವಳು ಹುಡುಗಿಗೆ ಮುಂದೆ ಬರುವುದನ್ನೆಲ್ಲ ಹೇಳಿದಳು, ಹುಡುಗಿ ಕೇಳಿಸಿಕೊಂಡು, ಸಂಜೆಯ ಅಡುಗೆಗೆ ಏನು ಮಾಡಲಿ ಎಂದಳು. ಎರಡನೆಯ ಮುದ್ರಣ ಓದಿದವರಲ್ಲಿ ಒಬ್ಬರಿಗೂ ಆ ಸಾಲು ಕಾಣಲಿಲ್ಲ. ಇಷ್ಟು ಹೇಳಿಕೊಟ್ಟರೂ ಒಂದು ಹಿಡಿ ಗೋಧಿ ಸೇರಿಸಲಿಲ್ಲವಲ್ಲ, ಬರೆಯುವವರಿಗೆ ಹಟ ಜಾಸ್ತಿ ಎಂದು ಹಾಜಿ ವಾರಗಟ್ಟಲೆ ಮುನಿಸಿಕೊಂಡ.

ಆದರೆ ಸಲ್ಮಾ ಓದಲಿಲ್ಲ. ನುಹಾದ್ ಮತ್ತೆ ಕೇಳಲಿಲ್ಲ. ಕೇಳಬೇಕಾದ್ದು ಒಂದು ಮಟ್ಟಿಗೆ ಆ ಮಧ್ಯಾಹ್ನವೇ ಸಿಕ್ಕಿತ್ತು ಎನ್ನುತ್ತಿದ್ದಳು. ಒಂದು ಮಟ್ಟಿಗೆ ಎಂಬುದನ್ನು ಬಿಡದೆ ಸೇರಿಸುತ್ತಿದ್ದಳು.

2023ರ ಜನವರಿಯಲ್ಲಿ, ಒಂದು ಮಂಗಳವಾರ, ಯಾರದೋ ಪಾಸ್‌ಪೋರ್ಟಿನ ನಕಲು ಅರ್ಧಕ್ಕೆ ಬಿಟ್ಟು ನುಹಾದ್ ಹೋದಳು. ಡಾಕ್ಟರು ಹೇಳಿದ ಎರಡು ವರ್ಷಕ್ಕೆ ಮೂರು ತಿಂಗಳು ಕಡಿಮೆ. ಮೂರು ದಿನ ಸಕ್ಕರೆಯಿಲ್ಲದ ಕಾಫಿ ಹಂಚಿ ಬಂದವರನ್ನು ಕೂರಿಸಿದ್ದು ಅವಳ ಅಣ್ಣನ ಮನೆಯವರು. ಸಲ್ಮಾ ನೆಂಟರ ಸಾಲಿನ ತೀರ ಕೊನೆಯಲ್ಲಿ, ಬಾಗಿಲ ಹತ್ತಿರ ಕೂತಿದ್ದಳು. ಅತ್ತೆ ಮಗಳಿಗೆ ಸಲ್ಲಬೇಕಾದ ಜಾಗ. ಹಾಜಿ, ಅಬೂನಾ, ಉಮ್ ರಾಜಿ ಒಳಗೆ ಬಂದವರು ಸಾಲಿನ ಮೊದಲಿಗೆ ಹೋಗಬೇಕಿತ್ತು. ಬಾಗಿಲಲ್ಲೇ ನಿಂತು ಮೊದಲು ಅವಳ ಕೈ ಹಿಡಿದರು. ಹತ್ತಿರವಿದ್ದಳು, ಅದಕ್ಕೆ ಎಂದು ಅವರನ್ನು ಕೇಳಿದರೆ ಹೇಳುತ್ತಾರೆ.

ನಲವತ್ತು ದಿನ ಕಳೆದ ಮೇಲೆ ಸಲ್ಮಾ ಹಂಚು ಹೊತ್ತಿಸಿದಳು. ಕನ್ನಡಕ ಮಾಡಿಸಿಕೊಂಡಿದ್ದಳು. ಈಗ ಗಿರಾಕಿಗಳಿಲ್ಲದ ಹೊತ್ತು ಪುಸ್ತಕ ತೆರೆದು, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುತ್ತಾಳೆ. ದಿನಕ್ಕೆ ಅರ್ಧ ಪುಟ, ಹಬ್ಬವಿದ್ದರೆ ಅದೂ ಇಲ್ಲ. ಒಮ್ಮೆ ಹಾಜಿ ರೊಟ್ಟಿಗೆ ಕಾಯುತ್ತ, ಏನೇ ಹೇಳಿ, ಆ ಕೊನೆ ಮಾತ್ರ ಎಂದು ಶುರುಮಾಡಿದ. ಸಲ್ಮಾ ಹಿಟ್ಟಿನ ಕೈ ಎತ್ತಿ ತಡೆದಳು.

"ಹೇಳ್ಬೇಡಿ ಹಾಜಿ. ನಾನಿನ್ನೂ ಅಲ್ಲಿಗೆ ಬಂದಿಲ್ಲ. ಲಿಫ್ಟಲ್ಲಿ ಈಗ ತಾನೇ ಕರೆಂಟು ಹೋಗಿದೆ."